ಟಿ.ವಿ. ಪರದೆಗೆ ಎಷ್ಟು ದೊಡ್ಡ ಚಿತ್ರ ಬೇಕು?

ಆಳಂದ, ಅಫಜಲಪುರ, ಜೇವರ್ಗಿ ಎಂದರೆ ತೊಗರಿಯ ಸೀಮೆ. ಕಾಫಿಗೂ ಅಡಿಕೆಗೂ ದೂರದ ಮಾತು. ಆದರೆ ಟಿ.ವಿ. ನೋಡುವುದರಲ್ಲಿ ಆ ಕಡೆಯ ರೈತರು ನಮಗಿಂತ ಹಿರಿಯರು. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ನಡೆದ ‘ಸೈಟ್’ ಎಂಬ ಉಪಗ್ರಹ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಬಂತು. ಕರ್ನಾಟಕದ ಪಾಲಿಗೆ ಆಯ್ಕೆಯಾದವು ಅಂದಿನ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ಮೇಲೆ ಹೇಳಿದ ಮೂರು ತಾಲ್ಲೂಕುಗಳೂ ಗುಲ್ಬರ್ಗಾ, ಅಂದರೆ ಇಂದಿನ ಕಲಬುರಗಿ ಜಿಲ್ಲೆಗೆ ಸೇರಿದವು. ಹತ್ತು ಅಡಿ ಅಗಲದ ತಂತಿಬಲೆಯ ಆಂಟೆನಾ, ಒಂದು ಕಪ್ಪು-ಬಿಳುಪು ಪೆಟ್ಟಿಗೆ, ಅದರ ಮುಂದೆ ಇಡೀ ಊರು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1981ರಲ್ಲಿ.

ಅಂದಿನ ಟಿ.ವಿ. ಚಿತ್ರ 625 ಗೆರೆಗಳದು. ಕಣ್ಣಿಗೆ ಬೀಳುತ್ತಿದ್ದವು 575ರಷ್ಟು ಮಾತ್ರ. ಎಲೆಯ ಮೇಲಿನ ಕಲೆಯನ್ನು ತೋರಿಸಬೇಕಾದರೆ ಕ್ಯಾಮೆರಾ ಎಲೆಯ ಹತ್ತಿರಕ್ಕೇ ಹೋಗಬೇಕಿತ್ತು. ಇಂದು ಪರದೆ ದೊಡ್ಡದಾಗಿದೆ, ಬಣ್ಣವೂ ಬಂದಿದೆ. ಮೊಬೈಲಿನಲ್ಲಿ ತೆಗೆದ ಚಿತ್ರವನ್ನು ಸಭೆಯ ಟಿ.ವಿ.ಗೆ ಹಾಕಿ ಚರ್ಚಿಸುವ ರೂಢಿಯೂ ಬೆಳೆದಿದೆ. ಆದರೂ ಅಲ್ಲಿ ತೊಗರಿಯ ಕಾಯಿಕೊರಕದ ಮೊಟ್ಟೆ, ಇಲ್ಲಿ ಅಡಿಕೆಯ ಎಲೆಚುಕ್ಕೆ, ತೋಟದಲ್ಲಿ ಕಂಡದ್ದು ಪರದೆಯಲ್ಲಿ ಕಾಣದೆ ಹೋಗುವುದುಂಟು. ಕಾರಣ ತಿಳಿದರೆ ಪರಿಹಾರ ಸುಲಭ.

ಪರದೆಯ ಲೆಕ್ಕ

ಟಿ.ವಿ. ಚಿತ್ರವು ಸಣ್ಣ ಸಣ್ಣ ಬಿಂದುಗಳಿಂದ, ಅಂದರೆ ಪಿಕ್ಸೆಲ್‌ಗಳಿಂದ ಆದದ್ದು. ಎಚ್.ಡಿ. ರೆಡಿ ಎಂದು ಮಾರುವ ಅನೇಕ ಪರದೆಗಳಲ್ಲಿ ಅಡ್ಡಕ್ಕೆ 1366, ಉದ್ದಕ್ಕೆ 768 ಬಿಂದುಗಳಿರುತ್ತವೆ. ಫುಲ್ ಎಚ್.ಡಿ.ಯಲ್ಲಿ 1920 ಮತ್ತು 1080, ಒಟ್ಟು ಸುಮಾರು 20.7 ಲಕ್ಷ. 4ಕೆ ಪರದೆಯಲ್ಲಿ 3840 ಮತ್ತು 2160, ಒಟ್ಟು ಸುಮಾರು 83 ಲಕ್ಷ. ಸಾಮಾನ್ಯ ಮೊಬೈಲಿನ 12 ಮೆಗಾಪಿಕ್ಸೆಲ್ ಚಿತ್ರದಲ್ಲಿಯೋ 4000 ಮತ್ತು 3000, ಅಂದರೆ 120 ಲಕ್ಷ ಬಿಂದುಗಳು!

ಪರದೆಯಲ್ಲಿ ಇಲ್ಲದ ಬಿಂದುವನ್ನು ಅದು ತೋರಿಸಲಾರದು. ಹೆಚ್ಚಿನದನ್ನು ಟಿ.ವಿ.ಯೇ ಕಿರಿದು ಮಾಡಿಕೊಳ್ಳುತ್ತದೆ. ಚಿತ್ರ ದೊಡ್ಡದಿದ್ದರೆ ತೆರೆಯಲು ತಡವಾದೀತು, ಅಷ್ಟೆ. ಆದರೆ 640ಕ್ಕೆ 480ರ ಸಣ್ಣ ಚಿತ್ರವನ್ನು ಹಿಗ್ಗಿಸಿದರೆ ಮಸುಕು ತಪ್ಪದು. ಇಲ್ಲದ ವಿವರ ಹಿಗ್ಗಿಸಿದ್ದರಿಂದ ಹುಟ್ಟುವುದಿಲ್ಲ.

ಆದುದರಿಂದ ಫುಲ್ ಎಚ್.ಡಿ.ಗೆ ಚಿತ್ರದ ಎತ್ತರ 1080 ಬಿಂದು, 4ಕೆಗೆ 2160 ಇದ್ದರೆ ಸಾಕು. ಮೊಬೈಲಿನ ಅಡ್ಡ ಚಿತ್ರ ಫುಲ್ ಎಚ್.ಡಿ.ಯಲ್ಲಿ 1440ಕ್ಕೆ 1080 ಆಗಿ ಕೂರುತ್ತದೆ. ಎರಡು ಬದಿ ಕಪ್ಪು ಪಟ್ಟಿ ಉಳಿಯುತ್ತದೆ. ಅದು ದೋಷವಲ್ಲ. ಪರದೆ ತುಂಬಲೆಂದು ಎಳೆದರೆ ಅಡಿಕೆ ಮರವೂ ಪೀಪಾಯಿಯಂತೆ ಕಂಡೀತು.

43 ಅಂಗುಲದ ಫುಲ್ ಎಚ್.ಡಿ. ಪರದೆಯನ್ನು ಆರು ಅಡಿಗಿಂತ ದೂರದಿಂದ ನೋಡಿದರೆ ಬಿಂದುಗಳನ್ನು ಬಿಡಿಯಾಗಿ ಗುರುತಿಸಲು ಸಾಮಾನ್ಯ ದೃಷ್ಟಿಗೆ ಆಗದು. ಸಭಾಂಗಣದಲ್ಲಿ ಹತ್ತು ಹದಿನೈದು ಅಡಿ ದೂರ ಕೂರುವವರಿಗೆ ಇದೇ ಅಳತೆಯ 4ಕೆ ಪರದೆಗಾಗಿ ಹೆಚ್ಚು ಹಣ ತೆತ್ತು ಪ್ರಯೋಜನವಿಲ್ಲ.

ರೋಗದ ಚಿತ್ರ

ನಮಗೆ ಮುಖ್ಯವಾದದ್ದು ಇದು. ಒಂದೂವರೆ ಮೀಟರ್ ಅಗಲದ ಸೋಗೆಯನ್ನು ಪೂರ್ತಿಯಾಗಿ ಒಂದೇ ಚಿತ್ರದಲ್ಲಿ ಹಿಡಿದಿರೆನ್ನಿ. 2 ಮಿಲಿಮೀಟರಿನ ಕಲೆಗೆ ಮೂಲ ಚಿತ್ರದಲ್ಲಿ ಐದು ಬಿಂದು ಸಿಗುತ್ತದೆ. ಅದೇ ಚಿತ್ರ ಫುಲ್ ಎಚ್.ಡಿ. ಪರದೆಗೆ ಇಳಿದಾಗ ಎರಡು ಬಿಂದುವೂ ಉಳಿಯದು. ಎಲೆಚುಕ್ಕೆ ರೋಗದ ಆರಂಭದ ಗುರುತೇ ಸಣ್ಣ ಕಂದು ಕಲೆ ಮತ್ತು ಅದರ ಸುತ್ತಲಿನ ಹಳದಿ ಅಂಚು. ಅದು ಮರೆಯಾದರೆ ಪೋಷಕಾಂಶದ ಕೊರತೆಯ ಹಳದಿಯೂ ರೋಗದ ಹಳದಿಯೂ ಒಂದೇ ಎನಿಸುತ್ತದೆ. ತಪ್ಪು ಊಹೆಯ ಮೇಲೆ ಔಷಧಿ ಹೊಡೆದರೆ ಖರ್ಚು ನಮ್ಮ ತಲೆಗೆ, ರೋಗ ಪಕ್ಕದ ತೋಟಕ್ಕೆ.

ಹೀಗಾಗಿ ಮೂರು ಚಿತ್ರ ತೆಗೆಯಿರಿ: ಇಡೀ ಮರ, ಒಂದು ಸೋಗೆ, ಹತ್ತಿರದಿಂದ ಅಂಗೈ ಅಗಲದ ಭಾಗ. ಮೂರನೆಯದರಲ್ಲಿ ಅದೇ ಕಲೆಗೆ ಪರದೆಯ ಮೇಲೆ ಇಪ್ಪತ್ತಕ್ಕೂ ಹೆಚ್ಚು ಬಿಂದು ಸಿಗುತ್ತದೆ. ದುಬಾರಿ ಪರದೆ ಮಾಡದ ಕೆಲಸವನ್ನು ಎರಡು ಹೆಜ್ಜೆ ಮುಂದೆ ಹೋಗುವುದು ಮಾಡುತ್ತದೆ. ಟಿ.ವಿ.ಯ ಬಣ್ಣವನ್ನು ‘ವಿವಿಡ್’ನಲ್ಲಿ ಇಡಬೇಡಿ, ಹಸಿರು, ಹಳದಿ ಎರಡೂ ಇದ್ದದ್ದಕ್ಕಿಂತ ಗಾಢವಾಗುತ್ತವೆ.

ಹಳೆಯ ಫೋಟೋಗಳು

ಮನೆಯ ಆಲ್ಬಮ್ಮಿನ 6ಕ್ಕೆ 4 ಅಂಗುಲದ ಫೋಟೋವನ್ನು ಅಂಗುಲಕ್ಕೆ 300 ಬಿಂದುವಿನಂತೆ ಸ್ಕ್ಯಾನ್ ಮಾಡಿಸಿದರೆ 1800ಕ್ಕೆ 1200 ಬಿಂದು ಬರುತ್ತದೆ, ಫುಲ್ ಎಚ್.ಡಿ.ಗೆ ಸಾಕು. 4ಕೆಗೆ ಬೇಕಿದ್ದರೆ 600 ಹೇಳಿ. ಅಜ್ಜ ಅಜ್ಜಿಯ ಫೋಟೋ ವರ್ಷದಿಂದ ವರ್ಷಕ್ಕೆ ಮಾಸುತ್ತಲೇ ಇರುತ್ತದೆ; ಒಮ್ಮೆ ಮಾಡಿಸುವ ಕೆಲಸವನ್ನು 600ರಲ್ಲೇ ಮಾಡಿಸುವುದು ಜಾಣತನ.

ನೆನಪಿಡಬೇಕಾದದ್ದು

ಕಿರಿದು ಮಾಡುವುದು ಯಾವಾಗಲೂ ನಕಲನ್ನು, ಮೂಲವನ್ನು ಮುಟ್ಟಬೇಡಿ. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಚಿತ್ರ ಕುಗ್ಗುತ್ತದೆ. ತಜ್ಞರಿಗೆ ಕಳಿಸುವಾಗ ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಇದ್ದದ್ದು ಇದ್ದಂತೆ ತಲಪುತ್ತದೆ. ಪೆನ್‌ಡ್ರೈವಿಗೆ ಹಾಕುವಾಗ ಜೆಪೆಗ್ ರೂಪದಲ್ಲಿರಲಿ.

ಬೀಜದ ಅಡಿಕೆಯನ್ನು ಯಾರೂ ಸುಲಿದು ಮಾರುವುದಿಲ್ಲ. ಮೂಲ ಚಿತ್ರವೂ ಬೀಜವಿದ್ದಂತೆ; ಅದು ಭದ್ರವಾಗಿದ್ದರೆ ನಾಳೆ ಎಂಥ ಪರದೆ ಬಂದರೂ ಚಿಂತೆಯಿಲ್ಲ.