ಉರಿಬಿಸಿಲ ಓಟ: ಮೊದಲು ತಂಪು, ಆಮೇಲೆ ಆಸ್ಪತ್ರೆ

ಏಪ್ರಿಲ್ ಬಂತೆಂದರೆ ಕಲಬುರಗಿಯಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ ಎಂಟಕ್ಕೇ ಬಾಗಿಲು ತೆಗೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಬಿಸಿಲು ನೆತ್ತಿಗೇರುವಷ್ಟರಲ್ಲಿ ರಸ್ತೆಗಳೂ ಖಾಲಿ. ಖಾಲಿಯಾಗದೆ ಉಳಿಯುವುದು ನಮ್ಮ ಗ್ರೌಂಡ್. ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕೆಂದು ಸುತ್ತಲಿನ ಹಳ್ಳಿಗಳಿಂದ ಬರುವ ಹುಡುಗರು ಹತ್ತು ಗಂಟೆಯಾದರೂ ಅಲ್ಲಿ ರೌಂಡ್ ಹೊಡೆಯುತ್ತಿರುತ್ತಾರೆ. 1600 ಮೀಟರನ್ನು ಆರೂವರೆ ನಿಮಿಷದೊಳಗೆ ಮುಗಿಸಬೇಕು. ನಾಲ್ಕು ಸೆಕೆಂಡ್ ಹೆಚ್ಚಾದರೂ ವರ್ಷದ ಓದು ನೀರುಪಾಲು. ದೈಹಿಕ ಶಿಕ್ಷಕನಾಗಿ ಇವರ ಪಕ್ಕ ಸ್ಟಾಪ್‌ವಾಚ್ ಹಿಡಿದು ನಿಲ್ಲುವವನು ನಾನು. ಅವರ ಹಠ ನನಗೆ ಗೊತ್ತು, ಮನೆಯ ಕಷ್ಟವೂ ಗೊತ್ತು. ನನಗೆ ಹೆದರಿಕೆ ಅದಕ್ಕೇ. ಬಿಸಿಲಲ್ಲಿ ಕುಸಿಯುವವರು ಬಹಳ ಸಲ ಇಂಥ ಗಟ್ಟಿ ಹುಡುಗರೇ. ದಣಿವಾದರೂ ನಿಲ್ಲುವುದಿಲ್ಲ.

ಎಲ್ಲರೂ ಮೇಲಿನ ಸೂರ್ಯನನ್ನು ಬೈಯುತ್ತಾರೆ. ಓಡುವವನಿಗೆ ಒಳಗಿನ ಶಾಖವೂ ಅಷ್ಟೇ ಅಪಾಯದ್ದು. ಸ್ನಾಯುಗಳು ಬಳಸುವ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲುಭಾಗ ಓಟಕ್ಕೆ ಸಲ್ಲುತ್ತದೆ. ಉಳಿದದ್ದೆಲ್ಲ ಶಾಖವಾಗಿ ಮೈಯಲ್ಲೇ ಸೇರುತ್ತದೆ. ಅದನ್ನು ರಕ್ತ ಹೊತ್ತು ತಂದು ಚರ್ಮದ ಮೂಲಕ ಹೊರಹಾಕಬೇಕು. ಚರ್ಮದ ಬಿಸಿ ಸುಮಾರು 35 ಡಿಗ್ರಿ. ಹೊರಗೆ 42 ಡಿಗ್ರಿ ಇದ್ದರೆ ಶಾಖ ಹೊರಗೆ ಹೋಗುವುದಿರಲಿ, ಗಾಳಿಯಿಂದಲೇ ಮೈಗೆ ಏರುತ್ತದೆ. ಆಗ ಉಳಿಯುವ ದಾರಿ ಬೆವರೊಂದೇ. ಅದೂ ಮೈಮೇಲೆ ಆರಿದರೆ ಮಾತ್ರ. ಒಂದು ಲೀಟರ್ ಬೆವರು ಆರಿದರೆ ಸುಮಾರು 580 ಕಿಲೊ ಕ್ಯಾಲೊರಿ ಶಾಖ ಕಳೆಯುತ್ತದೆ. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ಮೈ ತಂಪಾಗುವುದಿಲ್ಲ. ಬೆವರಿದಷ್ಟೂ ರಕ್ತದಲ್ಲಿನ ನೀರು ಇಳಿಯುತ್ತದೆ. ಆ ಇಳಿದ ರಕ್ತವನ್ನೇ ಕಾಲಿಗೂ ಚರ್ಮಕ್ಕೂ ಹಂಚಲು ಹೃದಯ ಇನ್ನಷ್ಟು ಜೋರಾಗಿ ಬಡಿದುಕೊಳ್ಳಬೇಕಾಗುತ್ತದೆ.

ನಮ್ಮ ಕಡೆಯ ಒಣಹವೆಯಲ್ಲಿ ಬೆವರು ಕಣ್ಣಿಗೆ ಬೀಳುವ ಮೊದಲೇ ಆರಿಹೋಗುತ್ತದೆ. ಬನಿಯನ್ ಮೇಲೆ ಉಪ್ಪಿನ ಬಿಳಿ ಗೆರೆ ಮೂಡಿದಾಗಲೇ ಎಷ್ಟು ನೀರು ಹೋಯಿತೆಂಬ ಅಂದಾಜು ಸಿಗುವುದು. ಮಂಗಳೂರಿನ ಸೆಖೆ ಬೇರೆ ಥರದ್ದು. ಅಲ್ಲಿ 33 ಡಿಗ್ರಿಯಾದರೂ ಸಾಕು, ಗಾಳಿಯ ತೇವಕ್ಕೆ ಬೆವರು ಆರದೆ ಸುರಿಯುತ್ತಲೇ ಇರುತ್ತದೆ. ಥರ್ಮಾಮೀಟರ್ ನೋಡಿ ಧೈರ್ಯ ಮಾಡುವ ಹಾಗಿಲ್ಲ. 2024ರ ಆಗಸ್ಟ್‌ನಲ್ಲಿ ಜಾರ್ಖಂಡ್‌ನಲ್ಲಿ ಅಬಕಾರಿ ಕಾನ್‌ಸ್ಟೆಬಲ್ ನೇಮಕಾತಿಗೆ 10 ಕಿಲೊಮೀಟರ್ ಓಟ ಇಟ್ಟಿದ್ದರು. ಮಳೆಗಾಲದ ತೇವದ ಸೆಖೆ. ಹತ್ತಕ್ಕೂ ಹೆಚ್ಚು ಅಭ್ಯರ್ಥಿಗಳು ತೀರಿಕೊಂಡರು. ಕಾರಣದ ಬಗ್ಗೆ ವಾದ-ವಿವಾದ ನಡೆದವು. ಸರ್ಕಾರ ಓಟವನ್ನು ಕೆಲ ದಿನ ನಿಲ್ಲಿಸಿ, ಬೆಳಿಗ್ಗೆ ಒಂಬತ್ತರ ನಂತರ ಓಡಿಸಬಾರದೆಂದು ಹೇಳಿತು. ಆ ತೀರ್ಮಾನ ಮೊದಲೇ ಆಗಿದ್ದರೆ ಎಂದು ನನಗೆ ಇವತ್ತಿಗೂ ಸಂಕಟವಾಗುತ್ತದೆ.

ನಮ್ಮ ಗ್ರೌಂಡಿನಲ್ಲೇ ನಡೆದ ಒಂದು ಘಟನೆ ಹೇಳುತ್ತೇನೆ. ಪಕ್ಕದ ಹಳ್ಳಿಯ ಹುಡುಗ, ಊರಿಗೆಲ್ಲ ಜಿಗುಟು ಓಟಗಾರ. ತೂಕ ಇಳಿಯಲಿ ಎಂದು ಮಳೆಗಾಲದ ಪ್ಲಾಸ್ಟಿಕ್ ಜರ್ಕಿನ್ ತೊಟ್ಟು ಓಡುತ್ತಿದ್ದ. ಬೆವರು ಹರಿದರೆ ಕೊಬ್ಬು ಕರಗುತ್ತದೆಂದು ಯಾರೋ ಹೇಳಿದ್ದರಂತೆ. ಬೆವರಿನ ಜೊತೆ ಹೋಗುವುದು ನೀರು ಮತ್ತು ಉಪ್ಪು, ಒಂದು ಗ್ರಾಂ ಕೊಬ್ಬೂ ಅಲ್ಲ. ದೂರದಿಂದ ನೋಡಿದೆ, ಓಡುತ್ತಿದ್ದವನು ಲೇನ್ ಬಿಟ್ಟು ಓರೆಯಾಗಿ ಹೊರಟಿದ್ದ. ಹತ್ತಿರ ಹೋಗಿ ಕೇಳಿದೆ: “ಎಷ್ಟನೇ ರೌಂಡೋ ತಮ್ಮಾ?”

“ಬಸ್ ಹೋಯ್ತೇನ್ರಿ ಸರ್?” ಎಂದ.

ಆ ಒಂದು ಮಾತು ಸಾಕಾಯಿತು. ಬಿಸಿಲ ಹೊಡೆತ ಅಂದರೆ ಬೆವರು ನಿಂತು ಚರ್ಮ ಒಣಗಿರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಮನೆಯಲ್ಲಿ ಕೂತ ವಯಸ್ಸಾದವರಲ್ಲಿ ಹಾಗಾಗುವುದುಂಟು. ಓಡುತ್ತಾ ಬೀಳುವವನ ಮೈ ಬೆವರಿನಲ್ಲಿ ತೊಯ್ದಿರಬಹುದು. ಈ ಹುಡುಗನದೂ ಹಾಗೇ ಇತ್ತು. ಒಳಗಿನ ಬಿಸಿ 40 ಡಿಗ್ರಿ ದಾಟಿದಾಗ ಮೆದುಳು ಹಿಡಿತ ತಪ್ಪುತ್ತದೆ. ಮಾತು ತೊದಲುವುದು, ಸಂಬಂಧವಿಲ್ಲದ ಉತ್ತರ, ಕಾರಣವಿಲ್ಲದ ಸಿಟ್ಟು, ತೂರಾಡುವ ನಡಿಗೆ ಇವೇ ಮೊದಲ ಸೂಚನೆ.

ಜರ್ಕಿನನ್ನು ಬ್ಲೇಡಿನಿಂದ ಸೀಳಿ ತೆಗೆದು, ಬೇವಿನ ಮರದ ಕೆಳಗೆ ಮಲಗಿಸಿದೆವು. ಒಬ್ಬ 108ಕ್ಕೆ ಫೋನ್ ಹಚ್ಚಿದ, ಇಬ್ಬರು ಡ್ರಮ್ಮಿನಿಂದ ಮಗ್ಗುಗಟ್ಟಲೆ ನೀರು ಸುರಿದರು, ಇನ್ನೊಬ್ಬ ಶರಬತ್ತಿನ ಬಂಡಿಯಿಂದ ಐಸ್ ತಂದ. ಒದ್ದೆ ಟವಲಿನಲ್ಲಿ ಐಸ್ ಕಟ್ಟಿ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಟ್ಟೆವು, ರಟ್ಟಿನಿಂದ ಗಾಳಿ ಹಾಕಿದೆವು. ಕೈಗೆ ಕೀಲಿಗೊಂಚಲು ಕೊಡಿ ಎಂದರು ಒಬ್ಬರು, ಉಳ್ಳಾಗಡ್ಡಿ ಮೂಸಿಸಿ ಎಂದರು ಮತ್ತೊಬ್ಬರು. ಬಾಯಿಗೆ ನೀರು ಹಾಕಲು ಬಂದವರನ್ನು ನಾನು ತಡೆದೆ. ಎಚ್ಚರ ತಪ್ಪಿದವನಿಗೆ ನೀರು ಶ್ವಾಸಕೋಶಕ್ಕೆ ಇಳಿಯಬಹುದು. ಜ್ವರದ ಮಾತ್ರೆಯೂ ಇಲ್ಲಿ ಕೆಲಸಕ್ಕೆ ಬಾರದು. ಆಂಬುಲೆನ್ಸ್ ಬರುವ ಹೊತ್ತಿಗೆ ಹುಡುಗ ಅವ್ವನ ಹೆಸರು ಹೇಳುತ್ತಿದ್ದ.

ಮೊದಲ ಅರ್ಧ ಗಂಟೆಯಲ್ಲಿ ಮೈ ಬಿಸಿ 39 ಡಿಗ್ರಿಯ ಕೆಳಗೆ ಬಂದರೆ ಬಹುಪಾಲು ಜನ ಉಳಿಯುತ್ತಾರೆ. ಕುತ್ತಿಗೆವರೆಗೆ ಐಸ್ ನೀರಿನಲ್ಲಿ ಮುಳುಗಿಸುವುದು ಎಲ್ಲಕ್ಕಿಂತ ಬೇಗ ಫಲ ಕೊಡುವ ವಿಧಾನ. ದನಕ್ಕೆ ನೀರಿಡುವ ತೊಟ್ಟಿಯಾದರೂ ಆದೀತು, ತಲೆಯನ್ನು ಒಬ್ಬರು ಎತ್ತಿ ಹಿಡಿದಿರಬೇಕು. ಬಿಸಿ ಮೈಯನ್ನು ಆಟೋದಲ್ಲಿ ಹಾಕಿಕೊಂಡು ಓಡಿದರೆ ದಾರಿಯಲ್ಲೇ ಆ ಅರ್ಧ ಗಂಟೆ ಮುಗಿಯುತ್ತದೆ.

ಎಲ್ಲ ಸುಸ್ತೂ ಇಷ್ಟು ಘೋರವಲ್ಲ. ಮೀನಖಂಡ ಹಿಡಿದುಕೊಳ್ಳುವುದು, ತಲೆಸುತ್ತು, ವಾಕರಿಕೆ ಇದ್ದು ಮಾತು ಸರಿಯಿದ್ದರೆ, ನೆರಳಿನಲ್ಲಿ ಕಾಲು ಎತ್ತರಿಸಿ ಮಲಗಿಸಿ ಓಆರ್‌ಎಸ್ ಇಲ್ಲವೇ ಉಪ್ಪು ಹಾಕಿದ ಮಜ್ಜಿಗೆ ಕೊಟ್ಟರೆ ಸುಧಾರಿಸುತ್ತಾರೆ. ಮರುದಿನ ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿದರೆ ಮಾತ್ರ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಒಡೆದ ಸ್ನಾಯುವಿನ ಅಂಶ ಮೂತ್ರಪಿಂಡಕ್ಕೆ ಸೇರಿರುವ ಸೂಚನೆ ಅದು.

ನೀರಿಗೂ ಲೆಕ್ಕ ಬೇಕು. ಓಟದ ಮುಂಚೆ ಮತ್ತು ಆಮೇಲೆ ತೂಕ ನೋಡಿಕೊಳ್ಳಲು ಹುಡುಗರಿಗೆ ಹೇಳುತ್ತೇನೆ. ಒಂದು ಕಿಲೊ ಇಳಿದಿದ್ದರೆ ಒಂದು ಲೀಟರ್ ನೀರು ಹೋಗಿದೆ. ತೂಕ ಏರಿದ್ದರೆ ಕುಡಿದದ್ದು ಅತಿಯಾಯಿತು. ಬರೀ ನೀರು ಮಿತಿಮೀರಿ ಕುಡಿದರೆ ರಕ್ತದ ಉಪ್ಪು ತೆಳುವಾಗಿ ಅದೂ ಜೀವಕ್ಕೆ ಎರವಾಗಬಲ್ಲದು.

ಬೆಂಗಳೂರಿನ ಏಸಿ ಆಫೀಸಿನಿಂದ ರಜೆಗೆ ಬಂದವನು ಮೊದಲ ದಿನವೇ ಊರಿನವರ ಜೊತೆ ಪೈಪೋಟಿಗೆ ಇಳಿಯಬಾರದು. ಮೈ ಬಿಸಿಲಿಗೆ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಒಗ್ಗಿದ ಮೈ ಬೇಗ ಬೆವರುತ್ತದೆ, ಬೆವರಿನಲ್ಲಿ ಉಪ್ಪು ಕಡಿಮೆ ಕಳೆಯುತ್ತದೆ. ಕೆಲ ವಾರ ತಂಪಿನಲ್ಲಿದ್ದರೆ ಆ ರೂಢಿ ತಪ್ಪುತ್ತದೆ. ಜ್ವರ, ಭೇದಿ, ನಿದ್ದೆಗೆಟ್ಟ ರಾತ್ರಿಯ ಮರುದಿನ ನಮ್ಮಲ್ಲಿ ಓಟವಿಲ್ಲ. ಬಿಪಿಗೆಂದು ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವ ಹಿರಿಯರು ಬೇಸಿಗೆಯ ವಾಕಿಂಗ್ ಬಗ್ಗೆ ತಮ್ಮ ಡಾಕ್ಟರನ್ನೇ ಕೇಳಲಿ.

ಜರ್ಕಿನ್ ತೊಟ್ಟಿದ್ದ ಆ ಹುಡುಗ ಆಸ್ಪತ್ರೆಯಿಂದ ಮನೆಗೆ ಬಂದ ಕೂಡಲೇ ಕೇಳಿದ್ದು “ಯಾವಾಗಿಂದ ಓಡ್ಲಿ ಸರ್?” ಅಂತ. ಒಮ್ಮೆ ಹೊಡೆತ ತಿಂದವನು ಕನಿಷ್ಠ ಒಂದು ವಾರ ಓಡಬಾರದು; ಮೂತ್ರಪಿಂಡ, ಯಕೃತ್ತಿನ ಪರೀಕ್ಷೆ ಸರಿಬಂದು ವೈದ್ಯರು ಒಪ್ಪಿದ ಮೇಲೆ ತಂಪು ಹೊತ್ತಿನಲ್ಲಿ ನಡಿಗೆಯಿಂದ ಶುರು ಮಾಡಬೇಕು. ನೇಮಕಾತಿಯ ದೈಹಿಕ ಪರೀಕ್ಷೆಯ ತಾರೀಖು ಹತ್ತಿರವಿದ್ದುದರಿಂದ ಅವನಿಗೆ ಇದನ್ನು ಒಪ್ಪಿಸುವುದು ಕಷ್ಟವಾಯಿತು. ಅವನ ಅಪ್ಪನನ್ನು ಕರೆಸಿ, ಇಬ್ಬರನ್ನೂ ಕೂರಿಸಿಕೊಂಡು ಡಾಕ್ಟರ ಚೀಟಿಯನ್ನು ಸಾಲುಸಾಲಾಗಿ ಓದಿ ಹೇಳಿದೆ.