ನೆನಪುಗಳ ನಗರ

ತನ್ನ ಬಾಳಿನಲ್ಲಿ ನಡೆದುದನ್ನು ಮತ್ತೊಬ್ಬರಿಗೆ ಹೇಳಬೇಕೆಂಬ ಹಂಬಲ ಮನುಷ್ಯನಿಗೆ ಸಹಜವಾದುದು. ಕಂಡ ಸುಖವನ್ನು ಹಂಚಿಕೊಂಡರೆ ಅದು ಇಮ್ಮಡಿಯಾಗುತ್ತದೆ. ಪಟ್ಟ ದುಃಖವನ್ನು ಹೇಳಿಕೊಂಡರೆ ಮನಸ್ಸು ಹಗುರಾಗುತ್ತದೆ. ಆದರೆ ಬಹುಕಾಲದವರೆಗೆ ಸಾಮಾನ್ಯ ಜನರ ಮಾತು ಅವರ ಮನೆಯ ಜಗಲಿಯನ್ನು ದಾಟಿ ದೂರ ಹೋಗುತ್ತಿರಲಿಲ್ಲ. ಅರಸರ ಚರಿತ್ರೆ ಕಲ್ಲಿನ ಮೇಲೆ ಉಳಿಯಿತು. ಪಂಡಿತರ ವಿಚಾರ ಗ್ರಂಥಗಳಲ್ಲಿ ಉಳಿಯಿತು. ಹೊಲದಲ್ಲಿ ದುಡಿದವರ, ಮನೆವಾರ್ತೆ ನಡೆಸಿದವರ ಕಥೆ ಮಾತ್ರ ಬಹುಮಟ್ಟಿಗೆ ಅವರೊಡನೆಯೇ ಮುಗಿದುಹೋಯಿತು. ಪತ್ರಿಕೆ, ರೇಡಿಯೊ, ಚಲನಚಿತ್ರ, ದೂರದರ್ಶನಗಳು ಬಂದ ಮೇಲೂ ಹೇಳುವವರು ಕೆಲವರು, ಕೇಳುವವರು ಹಲವರು ಎಂಬ ಸ್ಥಿತಿ ಹಾಗೆಯೇ ಮುಂದುವರಿಯಿತು. ಇಪ್ಪತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಈ ಸ್ಥಿತಿಯನ್ನು ಬದಲಿಸಲು ಹೊರಟ ಸಂಸ್ಥೆಗಳಲ್ಲಿ ಅಮೆರಿಕದ ಜಿಯೋಸಿಟೀಸ್ ಒಂದು. ಅದರ ಏಳುಬೀಳಿನ ಕಥೆ ಇಂದಿಗೂ ಮನನಯೋಗ್ಯವಾಗಿದೆ.

ಟಿಮ್ ಬರ್ನರ್ಸ್-ಲೀ ಎಂಬ ಬ್ರಿಟಿಷ್ ವಿಜ್ಞಾನಿಯು ಸರ್ನ್ ಎಂಬ ಯುರೋಪಿನ ಸಂಶೋಧನ ಕೇಂದ್ರದಲ್ಲಿ 1989ರಲ್ಲಿ ವಿಶ್ವವ್ಯಾಪಿ ಜಾಲದ ಯೋಜನೆಯನ್ನು ಮುಂದಿಟ್ಟರು. 1993ರಲ್ಲಿ ಆ ಕೇಂದ್ರವು ಯಾವ ಶುಲ್ಕವನ್ನೂ ಬಯಸದೆ ಅದನ್ನು ಲೋಕಕ್ಕೆ ಬಿಟ್ಟುಕೊಟ್ಟಿತು. ಒಂದು ಊರಿನಲ್ಲಿ ಸಿದ್ಧವಾದ ಪುಟವನ್ನು ಭೂಮಿಯ ಇನ್ನೊಂದು ಮೂಲೆಯವರು ಕ್ಷಣಮಾತ್ರದಲ್ಲಿ ತೆರೆದು ನೋಡುವುದು ಇದರಿಂದ ಸಾಧ್ಯವಾಯಿತು. ಆದರೆ ಪುಟವು ಎಲ್ಲರಿಗೂ ಎಲ್ಲ ಹೊತ್ತಿನಲ್ಲಿಯೂ ಕಾಣಬೇಕಾದರೆ ಅದನ್ನು ಹಗಲಿರುಳೂ ಜಾಲಕ್ಕೆ ಜೋಡಿಸಿರುವ ಕಂಪ್ಯೂಟರೊಂದರಲ್ಲಿ ಇರಿಸಬೇಕಾಗುತ್ತದೆ. ಇಂತಹ ಕಂಪ್ಯೂಟರಿಗೆ ಸರ್ವರ್ ಎಂದು ಹೆಸರು. ಅದನ್ನು ಕೊಂಡು ನಡೆಸುವುದಾಗಲಿ, ಅದರಲ್ಲಿ ಜಾಗವನ್ನು ಬಾಡಿಗೆಗೆ ಪಡೆಯುವುದಾಗಲಿ ಸಾಮಾನ್ಯರಿಗೆ ಸುಲಭವಾಗಿರಲಿಲ್ಲ. ಹೇಳಲು ವೇದಿಕೆಯೇನೋ ಸಿದ್ಧವಾಗಿತ್ತು. ಅದರ ಮೇಲೆ ನಿಲ್ಲಲು ಎಲ್ಲರಿಗೂ ಸ್ಥಳವಿರಲಿಲ್ಲ.

ಈ ಕೊರತೆಯನ್ನು ತುಂಬಲು ಮುಂದಾದವರು ಕ್ಯಾಲಿಫೋರ್ನಿಯದ ಡೇವಿಡ್ ಬಾನೆಟ್ ಮತ್ತು ಜಾನ್ ರೆಜ್ನರ್. ಬಾನೆಟ್ ಅವರ ಜೀವನಸಂಗಾತಿಯೂ ನ್ಯಾಯಾಧೀಶರೂ ಆಗಿದ್ದ ರ‍್ಯಾಂಡ್ ಶ್ರೇಡರ್ 1993ರಲ್ಲಿ ಏಡ್ಸ್ ರೋಗಕ್ಕೆ ತುತ್ತಾಗಿ ತೀರಿಕೊಂಡರು. ಆ ಅಗಲಿಕೆಯ ನೋವಿನಲ್ಲಿದ್ದ ಬಾನೆಟ್, ಸಂಗಾತಿಯ ವಿಮೆಯಿಂದ ಬಂದ ಹಣವನ್ನು ತೊಡಗಿಸಿ 1994ರಲ್ಲಿ ರೆಜ್ನರ್ ಅವರೊಡನೆ ಒಂದು ಚಿಕ್ಕ ಉದ್ಯಮವನ್ನು ಆರಂಭಿಸಿದರು. ಒಂದೇ ಬಗೆಯ ಆಸಕ್ತಿಯುಳ್ಳವರು ದೂರದ ಊರುಗಳಲ್ಲಿದ್ದರೂ ಒಬ್ಬರನ್ನೊಬ್ಬರು ಕಂಡುಕೊಳ್ಳಬೇಕು, ತಾನು ಒಂಟಿಯೆಂಬ ಭಾವ ಯಾರನ್ನೂ ಕಾಡಬಾರದು ಎಂಬುದು ಅವರ ಆಶಯವಾಗಿತ್ತು. ಮೊದಲು ಬೆವರ್ಲಿ ಹಿಲ್ಸ್ ಇಂಟರ್‌ನೆಟ್ ಎಂದು ಕರೆಯಲಾಗುತ್ತಿದ್ದ ಈ ಸಂಸ್ಥೆ 1995ರ ಕೊನೆಯ ವೇಳೆಗೆ ಜಿಯೋಸಿಟೀಸ್ ಎಂಬ ಹೆಸರನ್ನು ಪಡೆಯಿತು.

ಹೆಸರಿಗೆ ತಕ್ಕಂತೆ ಅದನ್ನು ಒಂದು ನಗರದ ಮಾದರಿಯಲ್ಲಿಯೇ ರೂಪಿಸಲಾಗಿತ್ತು. ನಗರದಲ್ಲಿ ಬಡಾವಣೆಗಳಿರುವಂತೆ ಇಲ್ಲಿಯೂ ವಿಷಯಕ್ಕೊಂದು ಬಡಾವಣೆ. ತತ್ತ್ವಶಾಸ್ತ್ರ, ಶಿಕ್ಷಣಗಳಲ್ಲಿ ಒಲವುಳ್ಳವರಿಗೆ ಅಥೆನ್ಸ್, ಕ್ರೀಡಾಪ್ರಿಯರಿಗೆ ಕೊಲೊಸಿಯಮ್, ಕಂಪ್ಯೂಟರ್ ಬಲ್ಲವರಿಗೆ ಸಿಲಿಕಾನ್ ವ್ಯಾಲಿ, ಚಲನಚಿತ್ರಗಳ ಅಭಿಮಾನಿಗಳಿಗೆ ಹಾಲಿವುಡ್, ಮನೆಮಕ್ಕಳ, ಹುಟ್ಟೂರಿನ ವಿಚಾರ ಬರೆಯುವವರಿಗೆ ಹಾರ್ಟ್‌ಲ್ಯಾಂಡ್, ಮಕ್ಕಳಿಗೆ ಎನ್‌ಚಾಂಟೆಡ್ ಫಾರೆಸ್ಟ್, ಎಂದರೆ ಮಾಯಾವನ. ಹೊಸದಾಗಿ ಬಂದವರು ತಮಗೆ ಒಪ್ಪುವ ಬಡಾವಣೆಯನ್ನು ಆರಿಸಿಕೊಂಡು, ಅಲ್ಲಿ ಖಾಲಿಯಿರುವ ನಿವೇಶನವನ್ನು ಹುಡುಕಿ, ಮನೆಯ ಸಂಖ್ಯೆಯೊಡನೆ ಅದನ್ನು ತಮ್ಮದಾಗಿಸಿಕೊಳ್ಳಬಹುದಾಗಿತ್ತು. ಬಡಾವಣೆಗಳು ತುಂಬಿದಾಗ ಅವುಗಳ ಪಕ್ಕದಲ್ಲಿ ಉಪನಗರಗಳು ತಲೆಯೆತ್ತಿದವು.

ಈ ನಿವೇಶನಕ್ಕೆ ಬಾಡಿಗೆಯಿರಲಿಲ್ಲ. ಆರಂಭದಲ್ಲಿ ಒಬ್ಬೊಬ್ಬರಿಗೆ ದೊರೆಯುತ್ತಿದ್ದ ಜಾಗ 2 ಮೆಗಾಬೈಟ್ ಮಾತ್ರ. ಇಂದು ಫೋನಿನಿಂದ ತೆಗೆಯುವ ಒಂದು ಛಾಯಾಚಿತ್ರಕ್ಕೂ ಅನೇಕ ವೇಳೆ ಅಷ್ಟು ಜಾಗ ಸಾಲದು. ಆದರೂ ಆ ಕಿರಿದಾದ ಸ್ಥಳದಲ್ಲಿಯೇ ಜನರು ಬರಹ, ಚಿತ್ರ, ಛಾಯಾಚಿತ್ರ, ಸಂಗೀತಗಳನ್ನು ಒಟ್ಟುಗೂಡಿಸಿ ತಮ್ಮ ಬಾಳಿನ ಕಥೆಯನ್ನು ಹೇಳಿದರು. ಹಿಂದೆ ಬರಹಕ್ಕೆ ಪುಸ್ತಕ, ಚಿತ್ರಕ್ಕೆ ಆಲ್ಬಂ, ದನಿಗೆ ಧ್ವನಿಸುರುಳಿ ಎಂದು ಬೇರೆ ಬೇರೆಯಾಗಿದ್ದ ಮಾಧ್ಯಮಗಳು ಇಲ್ಲಿ ಒಂದೇ ಪುಟದಲ್ಲಿ ಕಲೆತವು. ಒಬ್ಬರು ತಮ್ಮ ವಂಶವೃಕ್ಷವನ್ನು ಬಿಡಿಸಿದರೆ, ಇನ್ನೊಬ್ಬರು ತಾವು ಸಾಕಿದ ಬೆಕ್ಕಿನ ಚಿತ್ರಗಳನ್ನು ಹಾಕಿದರು. ತೀರಿಹೋದ ಮಕ್ಕಳ ನೆನಪಿಗೆ ತಂದೆತಾಯಿಯರು ಪುಟಗಳನ್ನು ಕಟ್ಟಿದುದೂ ಉಂಟು. ನೋಡಲು ಬಂದವರು ಎರಡು ಮಾತು ಬರೆದು ಹೋಗಲೆಂದು ಅತಿಥಿಗಳ ಪುಸ್ತಕವೊಂದನ್ನು ಇರಿಸುವುದು ವಾಡಿಕೆಯಾಗಿತ್ತು. ಪುಟ ಕಟ್ಟುವ ಬಗೆ ತಿಳಿಯದ ಹೊಸಬರಿಗೆ ಆಯಾ ಬಡಾವಣೆಯ ಸ್ವಯಂಸೇವಕರು ನೆರವಾಗುತ್ತಿದ್ದರು. ಪುಟ ಇನ್ನೂ ಪೂರ್ಣಗೊಂಡಿಲ್ಲವೆಂದು ತಿಳಿಸಲು ಅನೇಕರು ಗುದ್ದಲಿ ಹಿಡಿದ ಕೆಲಸಗಾರನ ಚಿತ್ರವುಳ್ಳ ‘ಕಾಮಗಾರಿ ನಡೆಯುತ್ತಿದೆ’ ಎಂಬ ಫಲಕವನ್ನು ತೂಗುಹಾಕುತ್ತಿದ್ದರು.

ನಗರವು ಬಹುಬೇಗನೆ ಬೆಳೆಯಿತು. 1997ರ ವೇಳೆಗೆ ಅದರ ನಿವಾಸಿಗಳ ಸಂಖ್ಯೆ 10 ಲಕ್ಷವನ್ನು ಮುಟ್ಟಿತು. ಬಾಡಿಗೆಯಿಲ್ಲದ ಈ ನಗರಕ್ಕೆ ಜಾಹೀರಾತುಗಳೇ ಮುಖ್ಯ ಆದಾಯವಾಗಿದ್ದವು. ಜನರು ತಮ್ಮ ಕಥೆಯಿಂದ ನೆರೆಯವರನ್ನು ಆಕರ್ಷಿಸಿದರೆ, ಆ ನೆರೆಯವರ ಕಣ್ಣಿಗೆ ಸಂಸ್ಥೆಯು ಜಾಹೀರಾತನ್ನು ತೋರಿಸುತ್ತಿತ್ತು. 1998ರಲ್ಲಿ ಸಂಸ್ಥೆಯ ಷೇರುಗಳು ಪೇಟೆಗೆ ಬಂದವು. ಮರುವರ್ಷ ಯಾಹೂ ಸಂಸ್ಥೆಯು ಸುಮಾರು 350 ಕೋಟಿ ಡಾಲರ್ ಬೆಲೆಯ ತನ್ನ ಷೇರುಗಳನ್ನು ಕೊಟ್ಟು ಇಡೀ ನಗರವನ್ನು ಕೊಂಡುಕೊಂಡಿತು. ಆ ಬೆಲೆ ಬಂದುದು ಕಂಪ್ಯೂಟರುಗಳಿಂದ ಮಾತ್ರವಲ್ಲ. ಲಕ್ಷಾಂತರ ಜನ ಬಿಡುವಿನ ವೇಳೆಯಲ್ಲಿ, ಪ್ರತಿಫಲವಿಲ್ಲದೆ ಬರೆದು ತುಂಬಿದ ಪುಟಗಳಿಂದ.

ಈ ಪುಟಗಳು ಯಾರ ಸೊತ್ತು ಎಂಬ ಪ್ರಶ್ನೆ ಅದೇ ವರ್ಷದ ಜೂನ್ ತಿಂಗಳಲ್ಲಿ ಎದ್ದಿತು. ನಿವಾಸಿಗಳ ಬರಹ, ಚಿತ್ರಗಳನ್ನು ತನಗೆ ಬೇಕಾದಂತೆ ಬಳಸುವ ಹಕ್ಕನ್ನು ಸಂಸ್ಥೆಗೆ ಕೊಡುವ ಹೊಸ ಕರಾರನ್ನು ಯಾಹೂ ಮುಂದಿಟ್ಟಿತು. ನೆಲ ಇನ್ನೊಬ್ಬರದಾದರೂ ಅದರ ಮೇಲೆ ಕಟ್ಟಿದ ಮನೆ ತಮ್ಮದೆಂದು ನಂಬಿದ್ದ ಜನರಿಗೆ ಇದರಿಂದ ನೋವಾಯಿತು. ಹಲವರು ತಮ್ಮ ಪುಟಗಳ ಬಣ್ಣವನ್ನು ಅಳಿಸಿ, ಪಾಳುಬಿದ್ದ ಮನೆಗಳಂತೆ ಬೂದು ಬಣ್ಣಕ್ಕೆ ತಿರುಗಿಸಿ ಪ್ರತಿಭಟಿಸಿದರು. ಕೆಲವೇ ದಿನಗಳಲ್ಲಿ ಸಂಸ್ಥೆಯು ಕರಾರನ್ನು ಸಡಿಲಿಸಿತು. ಪ್ರತಿಭಟನೆ ಗೆದ್ದಿತು, ಆದರೆ ನೆಲದ ಒಡೆತನ ಮಾತ್ರ ಬದಲಾಗಲಿಲ್ಲ.

ಕಾಲ ಮುಂದುವರಿದಂತೆ ಮೈಸ್ಪೇಸ್, ಫೇಸ್‌ಬುಕ್ ಮೊದಲಾದ ಹೊಸ ತಾಣಗಳು ಬಂದವು. ಅಲ್ಲಿ ಪುಟ ಕಟ್ಟುವ ಶ್ರಮವೇ ಇರಲಿಲ್ಲ. ಸಿದ್ಧವಾದ ಚೌಕಟ್ಟಿನಲ್ಲಿ ಮಾತು, ಚಿತ್ರಗಳನ್ನು ಇಟ್ಟರೆ ಸಾಕಾಗಿತ್ತು. ಜನರು ಅತ್ತ ತೆರಳಿದರು. ಹಳೆಯ ನಗರದ ಬೀದಿಗಳು ಬರಿದಾದವು. 2009ರ ಏಪ್ರಿಲ್ ತಿಂಗಳಲ್ಲಿ ಯಾಹೂ ಅದನ್ನು ಮುಚ್ಚುವುದಾಗಿ ಪ್ರಕಟಿಸಿತು. ಬೇಕಾದವರು ತಮ್ಮ ಪುಟಗಳನ್ನು ಬೇರೆಡೆಗೆ ಸಾಗಿಸಿಕೊಳ್ಳಲು ಕೆಲವು ತಿಂಗಳ ಅವಕಾಶವಿತ್ತು. ಆದರೆ ಎಷ್ಟೋ ಜನ ತಮ್ಮ ಗುಪ್ತಪದವನ್ನೇ ಮರೆತಿದ್ದರು. ಕೆಲವರಿಗೆ ಸುದ್ದಿಯೇ ಮುಟ್ಟಲಿಲ್ಲ. ಇನ್ನು ಕೆಲವರು ಬದುಕಿರಲಿಲ್ಲ.

ಆಗ ನೆರವಿಗೆ ಬಂದವರು ನಗರದ ಒಡೆಯರಲ್ಲ, ಹೊರಗಿನವರು. ಜೇಸನ್ ಸ್ಕಾಟ್ ಎಂಬವರು ಅದೇ ವರ್ಷ ಕಟ್ಟಿದ್ದ ಆರ್ಕೈವ್ ಟೀಮ್ ಎಂಬ ಸ್ವಯಂಸೇವಕರ ತಂಡವು ಪುಟಗಳ ಪ್ರತಿ ತೆಗೆಯಲು ಪಣತೊಟ್ಟಿತು. ಒಂದು ಪುಟದಿಂದ ಮತ್ತೊಂದು ಪುಟಕ್ಕಿರುವ ಕೊಂಡಿಗಳನ್ನು ಹಿಡಿದು ಸಾಗುತ್ತ, ಸಿಕ್ಕಿದುದನ್ನೆಲ್ಲ ನಕಲು ಮಾಡಿಕೊಳ್ಳುವ ಕ್ರಮವಿಧಿಗಳನ್ನು ಅವರು ತಮ್ಮ ಕಂಪ್ಯೂಟರುಗಳಲ್ಲಿ ಹಗಲಿರುಳು ಓಡಿಸಿದರು. ಬ್ರೂಸ್ಟರ್ ಕಾಹ್ಲ್ 1996ರಲ್ಲಿ ಸ್ಥಾಪಿಸಿದ ಇಂಟರ್‌ನೆಟ್ ಆರ್ಕೈವ್ ಎಂಬ ಗ್ರಂಥಭಂಡಾರವೂ ಈ ಕೆಲಸದಲ್ಲಿ ತೊಡಗಿತು. 2009ರ ಅಕ್ಟೋಬರ್ 26ರಂದು ನಗರದ ಬಾಗಿಲು ಮುಚ್ಚಿತು. ಮರುವರ್ಷ ಸ್ವಯಂಸೇವಕರು ತಾವು ಉಳಿಸಿದ ಪುಟಗಳ ದೊಡ್ಡ ಗಂಟನ್ನು ಸಾರ್ವಜನಿಕರಿಗೆ ಬಿಡುಗಡೆ ಮಾಡಿದರು. ಯಾವ ಕೊಂಡಿಯೂ ಮುಟ್ಟದ ಪುಟಗಳು ಮಾತ್ರ ಅವರ ಕೈಗೆ ಸಿಗದೆ ಅಳಿದುಹೋದವು. ಕೆನಡ ದೇಶದ ಇಯಾನ್ ಮಿಲ್ಲಿಗನ್ ಮೊದಲಾದ ಇತಿಹಾಸಕಾರರು ಉಳಿದ ಪುಟಗಳನ್ನು ಆಧಾರವಾಗಿಟ್ಟುಕೊಂಡು ಆ ಕಾಲದ ಜನಜೀವನವನ್ನು ಅಭ್ಯಾಸ ಮಾಡಿದ್ದಾರೆ. ಒಂದು ಕಾಲಕ್ಕೆ ಬಾಲಿಶವೆಂದು ನಕ್ಕು ಬಿಟ್ಟ ಪುಟಗಳೇ ಇತಿಹಾಸದ ಸಾಮಗ್ರಿಯಾದುವು.

ಜಿಯೋಸಿಟೀಸ್‌ಗೆ ಒದಗಿದ ಗತಿ ಅದೊಂದಕ್ಕೇ ಒದಗಿದುದಲ್ಲ. ಭಾರತದಲ್ಲಿ ಬಹಳ ಜನಪ್ರಿಯವಾಗಿದ್ದ ಆರ್ಕುಟ್ ತಾಣವು 2004ರಲ್ಲಿ ಆರಂಭವಾಗಿ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. ಗೆಳೆಯರು ಒಬ್ಬರ ಬಗೆಗೆ ಒಬ್ಬರು ಅಲ್ಲಿ ಬರೆದ ಅದೆಷ್ಟೋ ಮಾತುಗಳು ಅದರೊಡನೆಯೇ ಮರೆಯಾದವು. ಸರ್ವರುಗಳನ್ನು ಸ್ಥಳಾಂತರಿಸುವಾಗ, ಜನರು ಹಿಂದಿನ ವರ್ಷಗಳಲ್ಲಿ ಇರಿಸಿದ್ದ ಹಾಡುಗಳೂ ಛಾಯಾಚಿತ್ರಗಳೂ ನಷ್ಟವಾಗಿರಬಹುದೆಂದು 2019ರಲ್ಲಿ ಮೈಸ್ಪೇಸ್ ಒಪ್ಪಿಕೊಂಡಿತು.

ಇದಕ್ಕೆ ಭಿನ್ನವಾದ ದಾರಿಯೂ ಉಂಟು. ಡೇವ್ ಐಸೇ ಎಂಬ ರೇಡಿಯೊ ನಿರ್ಮಾಪಕರು 2003ರಲ್ಲಿ ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದಲ್ಲಿ ಒಂದು ಪುಟ್ಟ ಕೊಠಡಿಯನ್ನು ತೆರೆದರು. ಪರಿಚಿತರಾದ ಇಬ್ಬರು ಅಲ್ಲಿ ಎದುರುಬದುರು ಕುಳಿತು 40 ನಿಮಿಷಗಳ ಕಾಲ ಮಾತನಾಡಬೇಕು. ಮಗಳು ತಾಯಿಯನ್ನು, ಮೊಮ್ಮಗ ಅಜ್ಜನನ್ನು ಪ್ರಶ್ನಿಸಬಹುದು. ಸ್ಟೋರಿಕೋರ್ ಎಂಬ ಈ ಸಂಸ್ಥೆ ಲಾಭಕ್ಕಾಗಿ ನಡೆಯುವುದಲ್ಲ. ಧ್ವನಿಮುದ್ರಣದ ಒಂದು ಪ್ರತಿ ಮಾತನಾಡಿದವರಿಗೆ ಸಲ್ಲುತ್ತದೆ. ಅವರು ಒಪ್ಪಿದರೆ ಇನ್ನೊಂದು ಪ್ರತಿ ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಜಾನಪದ ಕೇಂದ್ರವನ್ನು ಸೇರುತ್ತದೆ. ಆಯ್ದ ಕೆಲವು ಕಥೆಗಳು ರೇಡಿಯೊದಲ್ಲಿ, ಪುಸ್ತಕಗಳಲ್ಲಿ, ಚಲಿಸುವ ರೇಖಾಚಿತ್ರಗಳಲ್ಲಿ ಮರುಹುಟ್ಟು ಪಡೆದಿವೆ. ಇಲ್ಲಿ ಕಥೆಯನ್ನು ಕೇಳುವ ಮೊದಲೇ ಅದನ್ನು ಎಲ್ಲಿ ಕಾಪಾಡಬೇಕೆಂಬ ಯೋಚನೆ ನಡೆದಿದೆ.

ಕಥೆಯನ್ನು ಹಂಚುವುದು ಒಂದು ಕೆಲಸ, ಅದನ್ನು ಉಳಿಸುವುದು ಇನ್ನೊಂದು ಕೆಲಸ ಎಂಬುದು ಇವೆರಡು ನಿದರ್ಶನಗಳಿಂದ ಸ್ಪಷ್ಟವಾಗುತ್ತದೆ. ಮೊದಲನೆಯದನ್ನು ಯಂತ್ರಗಳು ಬಹಳ ಸುಲಭಗೊಳಿಸಿವೆ. ಎರಡನೆಯದು ಇಂದಿಗೂ ಮನುಷ್ಯನ ಕಾಳಜಿಯನ್ನೇ ಅವಲಂಬಿಸಿದೆ. ಉಚಿತವಾಗಿ ದೊರೆತ ನೆಲದ ಮೇಲೆ ಮನೆ ಕಟ್ಟಬಾರದೆಂದಲ್ಲ. ಮನೆಯೊಳಗಿನ ಬೆಲೆಬಾಳುವ ವಸ್ತುವಿನ ಇನ್ನೊಂದು ಪ್ರತಿ ಸ್ವಂತ ಪೆಟ್ಟಿಗೆಯಲ್ಲಿಯೂ ಇರಬೇಕೆಂಬುದೇ ವಿವೇಕ. ಉಳಿದುಕೊಂಡ ಜಿಯೋಸಿಟೀಸ್ ಪುಟಗಳನ್ನು ಇಂದು ತೆರೆದು ನೋಡಿದರೆ, ಗುದ್ದಲಿ ಹಿಡಿದ ಆ ಕೆಲಸಗಾರನು ಇನ್ನೂ ಅಲ್ಲಲ್ಲಿ ಕಾಣಸಿಗುತ್ತಾನೆ. ಕಾಮಗಾರಿ ನಡೆಯುತ್ತಿದೆ ಎಂದು ಬರೆದವರು ಮತ್ತೆ ಹಿಂದಿರುಗಿ ಬರಲಿಲ್ಲ. ಆದರೂ ಅವರು ಇದ್ದರು, ಹೇಳಬೇಕೆಂದಿದ್ದರು ಎಂಬುದನ್ನು ಲೋಕ ತಿಳಿಯುವಂತಾದುದು, ಅವರ ಪರಿಚಯವೇ ಇಲ್ಲದ ಕೆಲವರು ಅವರ ಪುಟಗಳನ್ನು ಕಾಪಾಡಿದುದರಿಂದ.