ಅಟ್ಟದ ಮೇಲಿನ ಪ್ರಸಂಗ

ಸಾಗರದ ಸಮೀಪದ ನಮ್ಮ ಹಳ್ಳಿಯ ಮನೆಯಲ್ಲಿ ಯಕ್ಷಗಾನ ಪ್ರಸಂಗವೊಂದರ ಕೈಬರಹದ ಪ್ರತಿಯಿತ್ತು. ಅಜ್ಜ ತಮ್ಮ ತಾರುಣ್ಯದಲ್ಲಿ ಬೇರೊಬ್ಬರ ಮನೆಯ ಪುಸ್ತಕವನ್ನು ಎರವಲು ತಂದು, ಮಳೆಗಾಲದ ರಾತ್ರಿಗಳಲ್ಲಿ ಚಿಮಣಿ ದೀಪದೆದುರು ಕುಳಿತು ನಕಲು ಮಾಡಿದ್ದು. ಒಮ್ಮೆ ಭಾಗವತರೊಬ್ಬರು ಅದನ್ನು ಕೇಳಿಕೊಂಡು ಬಂದರು. ಎರಡು ದಿನ ಕೊಟ್ಟರೆ ಬರೆದುಕೊಂಡು ಹಿಂತಿರುಗಿಸುವುದಾಗಿ ಹೇಳಿದರು. ಮನೆಯ ಸೊತ್ತು ಹೊರಗೆ ಹೋಗಬಾರದೆಂದು ನಾನೇ ಅವರನ್ನು ಬರಿಗೈಯಲ್ಲಿ ಕಳುಹಿಸಿದೆ. ಕೆಲವು ವರ್ಷಗಳ ಬಳಿಕ ಅಟ್ಟದಿಂದ ಇಳಿಸಿ ನೋಡಿದಾಗ ಒರಲೆ ತಿಂದು ರಟ್ಟು ಮಾತ್ರ ಉಳಿದಿತ್ತು. ಅಜ್ಜನಿಗೆ ಪುಸ್ತಕ ಕೊಟ್ಟವರು ನನ್ನಂತೆಯೇ ಯೋಚಿಸಿದ್ದರೆ ಆ ಪ್ರತಿ ಹುಟ್ಟುತ್ತಲೇ ಇರಲಿಲ್ಲವೆಂಬುದು ನನಗೆ ಹೊಳೆದದ್ದು ಅಂದು.

ಪ್ರಸಂಗವೆಂದರೆ ಓದುವ ಕಾವ್ಯ ಮಾತ್ರವಲ್ಲ, ಹಾಡುವವನ ಕೈಪಿಡಿ. ಪದ್ಯದ ನೆತ್ತಿಯ ಮೇಲೆ ರಾಗ ತಾಳಗಳ ಹೆಸರಿರುತ್ತದೆ: ಭೈರವಿ ಝಂಪೆ, ಸಾವೇರಿ ಅಷ್ಟ, ಹೀಗೆ. ನಡುವೆ ಭಾಮಿನಿ, ವಾರ್ಧಕ, ಕಂದ, ದ್ವಿಪದಿಗಳು ಬರುತ್ತವೆ. ಪಾಶ್ಚಾತ್ಯ ವಾದ್ಯಗಾರನ ಮುಂದೆ ಸ್ವರಲಿಪಿಯ ಹಾಳೆ ಇರುವಂತೆ ಭಾಗವತರ ಮುಂದೆ ಈ ಪುಸ್ತಕ. ಉಡುಪಿಯ ಪಾವಂಜೆ ಗುರುರಾವ್ ಅವರಂಥ ಪ್ರಕಾಶಕರು ಎಷ್ಟೋ ಪ್ರಸಂಗಗಳನ್ನು ಅಚ್ಚಿಗೆ ತಂದರು. ಅಚ್ಚಾಗದೆ ಉಳಿದವು ಮಾತ್ರ ಕೈಯಿಂದ ಕೈಗೆ ನಕಲಾಗುತ್ತಲೇ ಬದುಕಬೇಕಾಯಿತು.

ಹಾಗಾದರೆ ಇವುಗಳ ಒಡೆಯರು ಯಾರು? ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಲೇಖಕನ ಜೀವಿತಕಾಲದಲ್ಲಿ ಪ್ರಕಟವಾದ ಕೃತಿಯ ಹಕ್ಕು ಅವನ ಮರಣದ ಮರುವರ್ಷದಿಂದ ಎಣಿಸಿ 60 ವರ್ಷಗಳವರೆಗೆ ಉಳಿಯುತ್ತದೆ. 1992ರ ತಿದ್ದುಪಡಿಗೆ ಮುಂಚೆ ಅದು 50 ವರ್ಷವಿತ್ತು. ಕುಂಬಳೆ ಸೀಮೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳು, 1901ರಲ್ಲಿ ತೀರಿಕೊಂಡ ಮುದ್ದಣನ 'ರತ್ನಾವತಿ ಕಲ್ಯಾಣ', 'ಕುಮಾರವಿಜಯ'ಗಳು ಇಂದು ಎಲ್ಲರವು. ಅವನ್ನು ನಕಲು ಮಾಡಲು, ಹಂಚಲು, ಹಾಡಲು ಯಾರ ಅಪ್ಪಣೆಯೂ ಬೇಕಿಲ್ಲ.

ಆದರೆ ಹಳೆಯ ಕಥೆಗೆ ಹೊಸ ರೂಪ ಕೊಟ್ಟವರ ಹಕ್ಕು ಬೇರೆಯೇ. ಶಿವರಾಮ ಕಾರಂತರು ಹೊಸದಾಗಿ ರೂಪಿಸಿದ ಯಕ್ಷಗಾನ ಪ್ರಯೋಗಗಳ ವಿಷಯದಲ್ಲಿ ಅವರ ಉಯಿಲಿನಂತೆ ಹಕ್ಕು ಪಡೆದವರಿಗೂ ಒಂದು ಸಂಸ್ಥೆಗೂ ವ್ಯಾಜ್ಯ ನಡೆದು, 2009ರಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ನ್ಯಾಯಾಲಯ ಆ ಹಕ್ಕನ್ನು ಮನ್ನಿಸಿತು. ಹಣ ಪಡೆಯದ ಪ್ರೇಕ್ಷಕರೆದುರಿನ ಪ್ರದರ್ಶನದಂಥ, ಕಾನೂನೇ ಬಿಟ್ಟುಕೊಟ್ಟ ವಿನಾಯಿತಿಗಳನ್ನೂ ನೆನಪಿಸಿತು. ಕಾರಂತರು ತೀರಿಕೊಂಡದ್ದು 1997ರಲ್ಲಿ. ಅವರು ಪ್ರಕಟಿಸಿದ ಗ್ರಂಥಗಳು ಮುಕ್ತವಾಗುವುದು 2058ರ ಜನವರಿಗೆ. ಆದ್ದರಿಂದ ಹಂಚುವ ಮುನ್ನ ನಮ್ಮ ಕೈಯಲ್ಲಿರುವುದು ಮೂಲವೋ, ಇತ್ತೀಚಿನವರ ಪರಿಷ್ಕರಣವೋ ಎಂದು ನೋಡಿಕೊಳ್ಳಬೇಕು.

ಈ ಎಚ್ಚರ ನಮಗೊಬ್ಬರಿಗೇ ಅಲ್ಲ. ಟ್ರಾಂಬೋನ್ ಊದುವವರಿಂದ ಪಿಟೀಲು ನುಡಿಸುವವರವರೆಗೆ ಎಲ್ಲರಿಗೂ ಹಳೆಯ ಸ್ವರಲಿಪಿಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಒದಗಿಸುವ ಐಎಂಎಸ್‌ಎಲ್‌ಪಿ ಎಂಬ ಭಂಡಾರ 2006ರಲ್ಲಿ ಕೆನಡಾದಲ್ಲಿ ಆರಂಭವಾಯಿತು. ಆಗ ಅಲ್ಲಿ ಹಕ್ಕಿನ ಅವಧಿ ಮರಣಾನಂತರ 50 ವರ್ಷ, ಯೂರೋಪಿನಲ್ಲಿ 70. ವಿಯೆನ್ನಾದ ಪ್ರಕಾಶಕರೊಬ್ಬರ ಆಕ್ಷೇಪಣೆಯಿಂದ 2007ರಲ್ಲಿ ಮುಚ್ಚಿದ ಭಂಡಾರ 2008ರಲ್ಲಿ ಮತ್ತೆ ತೆರೆಯಿತು. ನಮ್ಮಲ್ಲಿಯೂ ಯಕ್ಷವಾಹಿನಿ ಎಂಬ ಸಂಸ್ಥೆ ಆಸಕ್ತರ ನೆರವಿನಿಂದ ಪ್ರಸಂಗಗಳ ಪ್ರತಿಗಳನ್ನು ಸಂಗ್ರಹಿಸಿ ಅಂತರ್ಜಾಲದಲ್ಲಿ ಮುಕ್ತವಾಗಿ ಇಟ್ಟಿದೆ. ಹಳ್ಳಿಯ ಭಾಗವತನೂ ತನ್ನ ಫೋನಿನಲ್ಲಿಯೇ ಅವನ್ನು ತೆರೆಯಬಲ್ಲ.

ಆದರೂ ಪ್ರತಿಯೊಂದೇ ಸಾಲದು. 'ಭೈರವಿ ಝಂಪೆ' ಎಂದು ಬರೆದಿರುತ್ತದೆಯೇ ಹೊರತು ಅದನ್ನು ಎತ್ತುವ ಮಟ್ಟು ಕಾಗದದ ಮೇಲಿಲ್ಲ. ಒಂದೇ ಪದ್ಯ ನಮ್ಮ ಬಡಗಿನಲ್ಲಿ ಒಂದು ಬಗೆ, ತೆಂಕಿನಲ್ಲಿ ಇನ್ನೊಂದು ಬಗೆ. ಅದನ್ನು ಬಲ್ಲವರ ಬಾಯಿಂದಲೇ ಕಲಿಯಬೇಕು. ಪಠ್ಯವೇ ಕೈಗೆ ಸಿಗದಿದ್ದರೆ ಕಲಿಸುವವರಿದ್ದೂ ಏನನ್ನು ಕಲಿಸಿಯಾರು?

ಮನೆಯಲ್ಲಿ ಇನ್ನೆರಡು ಕಟ್ಟುಗಳು ಉಳಿದಿದ್ದವು. ಕಳೆದ ಬೇಸಗೆಯಲ್ಲಿ ಅವುಗಳ ಪುಟಪುಟವನ್ನೂ ಚಿತ್ರ ತೆಗೆಸಿದೆ. ಕವಿಯ ಹೆಸರಿನ ಕೆಳಗೆ ಪ್ರತಿ ಮಾಡಿದ ಅಜ್ಜನ ಹೆಸರನ್ನೂ ಬರೆಸಿದೆ. ಮೊದಲ ನಕಲನ್ನು ಆ ಭಾಗವತರ ಮನೆಗೇ ಒಯ್ದೆ. ಅವರು ಈಗಿಲ್ಲ. ಹಾಡುಗಾರಿಕೆ ಕಲಿಯುತ್ತಿರುವ ಅವರ ಮೊಮ್ಮಗ ಅದನ್ನು ಎರಡೂ ಕೈಗಳಿಂದ ತೆಗೆದುಕೊಂಡ.